ಹಳೆಯ ಡೆಸ್ಕ್‌ಟಾಪ್‌ನಲ್ಲಿ ಸಂಜೆ ವೈಫೈ ಕಡಿಯುತ್ತದೆ, ಬೆಳಿಗ್ಗೆ ಇದ್ದೂ ಕೆಲಸಕ್ಕೆ ಬರುವುದಿಲ್ಲ: ಕಾರಣವೇನಿರಬಹುದು?

ಸಿಂಧನೂರು_ಲೆಕ್ಕಪತ್ರ

ಎಲ್ಲರಿಗೂ ಶರಣು. ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರ ಮತ್ತು ಕ್ರಿಮಿನಾಶಕಗಳ ಅಂಗಡಿ. ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಅದಕ್ಕೆ ಬಳಸುವ ಡೆಸ್ಕ್‌ಟಾಪ್ ಹಳೆಯದು: ಇಂಟೆಲ್‌ನ ಮೂರನೆಯ ತಲೆಮಾರಿನ ಕೋರ್ ಐ3 ಪ್ರೊಸೆಸರ್, ಬಿ75 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್. ಮೊದಲು ವಿಂಡೋಸ್ 7 ಇತ್ತು. ಆಮೇಲೆ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 10 ಮಾಡಿಸಿಕೊಂಡೆವು. ಟ್ಯಾಲಿಗೆ, ಬಿಲ್ಲಿಂಗಿಗೆ, ಜಿಎಸ್‌ಟಿ ಕೆಲಸಕ್ಕೆ ಅದರ ವೇಗ ಇಂದಿಗೂ ಸಾಕು. ಅದರಲ್ಲಿ ವೈಫೈ ಇಲ್ಲದ್ದರಿಂದ ಸಿಪಿಯು ಹಿಂಬದಿಯ ಯುಎಸ್‌ಬಿ ಕಿಂಡಿಗೆ ಉಗುರಿನಷ್ಟೇ ಇರುವ ಡಾಂಗಲ್ ಒಂದನ್ನು ಸಿಕ್ಕಿಸಿದ್ದೇವೆ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಳೆಯ ಕಾಲದ ಕಲ್ಲಿನ ಗೋಡೆ. ಅದರ ದಪ್ಪ ಎರಡು ಅಡಿಗೆ ಕಡಿಮೆಯಿಲ್ಲ. ಫೈಬರ್ ರೂಟರ್ ಮನೆಯ ಪಡಸಾಲೆಯಲ್ಲಿದೆ. ಅಂಗಡಿಯಲ್ಲಿ ಕುಳಿತಾಗ ನನ್ನ ಮೊಬೈಲಿಗೆ ವೈಫೈ ಸಾಧಾರಣವಾಗಿ ಸಿಗುತ್ತದೆ, ಡೆಸ್ಕ್‌ಟಾಪ್‌ಗೆ ಒಂದೆರಡು ಗೆರೆಗಳಷ್ಟೇ ಕಾಣುತ್ತವೆ.

ತೊಂದರೆ ಹೀಗಿದೆ. ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದರೆ ವೈಫೈ ಸೇರಿಕೊಂಡಿದೆ ಎಂದು ತೋರಿಸುತ್ತದೆ, ಇಂಟರ್ನೆಟ್ ಇದೆ ಎಂದೂ ಹೇಳುತ್ತದೆ. ಆದರೆ ಜಿಎಸ್‌ಟಿ ಜಾಲತಾಣವಾಗಲಿ, ಬ್ಯಾಂಕಿನದಾಗಲಿ, ಮಿಂಚಂಚೆಯಾಗಲಿ ತೆರೆಯುವುದಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂಬ ಕೆಂಪು ಗುರುತಿನ ಎಚ್ಚರಿಕೆ ಬರುತ್ತದೆ. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಹತ್ತು ಗಂಟೆಯ ಸುಮಾರಿಗೆ, ಗಿರಾಕಿಗಳು ಬಂದು ಬಿಲ್ ಹಾಕುವ ಕೆಲಸ ಶುರುವಾದ ಮೇಲೆ, ಅದು ತಾನಾಗಿಯೇ ಸರಿಹೋಗುತ್ತದೆ. ಇನ್ನು ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ ವೈಫೈ ಪೂರ್ತಿ ಕಡಿದುಹೋಗುತ್ತದೆ, ಮತ್ತೆ ಸೇರಿಕೊಳ್ಳುತ್ತದೆ, ಮತ್ತೆ ಕಡಿಯುತ್ತದೆ. ಊರಿನವರೆಲ್ಲ ಸಂಜೆ ನೆಟ್ ಬಳಸುವುದರಿಂದ ಹೀಗಾಗುತ್ತಿರಬಹುದು ಎಂದು ಮನೆಯವರ ಅಭಿಪ್ರಾಯ. ಇವೆರಡೂ ಅಲ್ಲದೆ ಕೆಲವು ದಿನ ನಮ್ಮ ವೈಫೈ ಹೆಸರೇ ಡೆಸ್ಕ್‌ಟಾಪ್‌ನ ಪಟ್ಟಿಯಲ್ಲಿ ಇರುವುದಿಲ್ಲ.

ಇಲ್ಲಿಯ ದುರಸ್ತಿಯವರೊಬ್ಬರು ವಿಂಡೋಸ್ ಮತ್ತೆ ಹಾಕಿಕೊಟ್ಟರು, ಏನೂ ವ್ಯತ್ಯಾಸವಾಗಲಿಲ್ಲ. ಮದರ್‌ಬೋರ್ಡ್ ಹಾಳಾಗಿದೆ, ಹೊಸ ಕಂಪ್ಯೂಟರ್ ಕೊಳ್ಳಿರಿ ಎಂದು ಈಗ ಹೇಳುತ್ತಿದ್ದಾರೆ. ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನ್ ಸಲ್ಲಿಸಬೇಕಾದ ನಮಗೆ ಈ ಕಣ್ಣಾಮುಚ್ಚಾಲೆ ಬಹಳ ಕಷ್ಟ ಕೊಡುತ್ತಿದೆ. ಬೇಕಾಗಬಹುದೆಂದು ಇನ್ನೆರಡು ಸಂಗತಿ ಬರೆಯುತ್ತೇನೆ: ಸಂಜೆಯ ಹೊತ್ತು ವೈರ್‌ಲೆಸ್ ಮೌಸ್ ಕೂಡ ತಡವರಿಸುತ್ತದೆ, ಅದರ ಸೆಲ್ ಬದಲಾಯಿಸಿ ನೋಡಿದ್ದೇವೆ. ಮತ್ತು ಬೇಸಿಗೆಯಲ್ಲಿ ಕರೆಂಟು ಏರಿಳಿಯುವುದರಿಂದ ರಾತ್ರಿ ಅಂಗಡಿಯ ಮೇನ್ ಸ್ವಿಚ್ಚನ್ನೇ ತೆಗೆದು ಹೋಗುತ್ತೇವೆ.

ರಾಯಚೂರು_ರಿಪೇರಿ

ಅಕ್ಕಾವರೆ, ಮೊದಲು ಒಂದು ಮಾತು: ಮದರ್‌ಬೋರ್ಡ್ ಹಾಳಾಗಿದೆ ಎನ್ನಲು ನೀವು ಬರೆದದ್ದರಲ್ಲಿ ಯಾವ ಆಧಾರವೂ ಇಲ್ಲ. ಹೊಸ ಕಂಪ್ಯೂಟರಿಗೆ ದುಡ್ಡು ಹಾಕುವ ವಿಚಾರವನ್ನು ದಯವಿಟ್ಟು ಸ್ವಲ್ಪ ಕಾಲ ಪಕ್ಕಕ್ಕಿಡಿ.

ನೀವು ಮೂರು ತೊಂದರೆಗಳನ್ನು ಒಂದೇ ರೋಗವೆಂದು ಹೇಳುತ್ತಿದ್ದೀರಿ, ನನಗೆ ಅವು ಮೂರು ಬೇರೆ ಬೇರೆ ದೋಷಗಳಂತೆ ಕಾಣುತ್ತವೆ. ಬೆಳಿಗ್ಗೆ ವೈಫೈ ಕಡಿಯುವುದೇ ಇಲ್ಲ, ಸುರಕ್ಷಿತ ಜಾಲತಾಣಗಳು ಮಾತ್ರ ತೆರೆಯುವುದಿಲ್ಲ. ಸಂಜೆ ವೈಫೈ ತಾನೇ ಕಡಿಯುತ್ತದೆ. ಹೆಸರು ಕಾಣದಿರುವುದು ಮತ್ತೊಂದು ಬಗೆ. ವೈಫೈ ವಿಷಯದಲ್ಲಿ ಎಲ್ಲಿ ಕಡಿಯಿತು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೈಹಾಕಿದರೆ ವಿಂಡೋಸ್ ಎಷ್ಟು ಸಲ ಹಾಕಿದರೂ ಫಲವಿಲ್ಲ. ಕಂಪ್ಯೂಟರಿನಿಂದ ರೂಟರಿನವರೆಗೆ ಒಂದು ದಾರಿ, ರೂಟರಿನಿಂದ ಹೊರಗಿನ ಇಂಟರ್ನೆಟ್‌ಗೆ ಇನ್ನೊಂದು ದಾರಿ. ಇವೆರಡರಲ್ಲಿ ಯಾವುದು ಮುರಿದಿದೆ ಎಂಬುದನ್ನು ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವ ಪಿಂಗ್ ಎಂಬ ಸಾಧನದಿಂದ ಯಾರು ಬೇಕಾದರೂ ತಿಳಿಯಬಹುದು.

ಹೀಗೆ ಮಾಡಿ. ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆ ಹೊಡೆಯುವ ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ (ipconfig) ಎಂದು ಹೊಡೆದರೆ ಡೀಫಾಲ್ಟ್ ಗೇಟ್‌ವೇ ಎಂಬುದರ ಎದುರು ಒಂದು ವಿಳಾಸ ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ ಅದರ ಹತ್ತಿರದ್ದು. ಅದೇ ನಿಮ್ಮ ರೂಟರು. ಪಿಂಗ್ ಎಂದು ಹೊಡೆದು ಆ ವಿಳಾಸ ಬರೆದು, ಜಾಗ ಬಿಟ್ಟು ಅಡ್ಡಗೆರೆ ಹಾಕಿ ಇಂಗ್ಲಿಷಿನ ಟಿ ಅಕ್ಷರ (-t) ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ನಡೆಯುತ್ತಿರುತ್ತದೆ. ಇನ್ನೊಂದು ಕಿಟಕಿಯಲ್ಲಿ ಹೀಗೆಯೇ 8.8.8.8 ಎಂಬ ಗೂಗಲ್‌ನ ವಿಳಾಸಕ್ಕೆ ಪಿಂಗ್ ಹಚ್ಚಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಂಜೆಯ ಕೆಲಸ ಮಾಡಿ. ತೊಂದರೆ ಬಂದಾಗ ರೂಟರಿನ ಉತ್ತರ ಸರಿಯಾಗಿದ್ದು 8.8.8.8 ಮಾತ್ರ ನಿಂತರೆ ನಿಮ್ಮ ಮನೆಯವರ ಮಾತೇ ಸರಿ, ದೋಷ ಹೊರಗಿನ ಲೈನಿನದು. ಫೈಬರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತದೆಯೇ ಎಂದೂ ಆಗ ನೋಡಿ. ರೂಟರಿನ ಉತ್ತರವೇ ನಿಂತರೆ, ಅಥವಾ ಎರಡು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರಕ್ಕೆ ನೂರಾರು ಮಿಲಿಸೆಕೆಂಡು ಹಿಡಿದರೆ, ಊರಿನವರ ಬಳಕೆಗೂ ನಿಮ್ಮ ತೊಂದರೆಗೂ ಸಂಬಂಧವಿಲ್ಲ. ದೋಷ ನಿಮ್ಮ ಡಾಂಗಲ್ ಮತ್ತು ಪಡಸಾಲೆಯ ನಡುವೆಯೇ ಇದೆ.

ಜೊತೆಗೆ ಒಂದು ಪ್ರಶ್ನೆ: ಸಂಜೆ ಲೆಕ್ಕ ಮುಗಿಸುವಾಗ ಬ್ಯಾಕಪ್ ತೆಗೆಯುತ್ತೀರಾ? ತೆಗೆಯುವುದಾದರೆ ಯಾವುದಕ್ಕೆ, ಯಾವ ಕಿಂಡಿಗೆ? ಮೌಸ್ ಕೂಡ ಅದೇ ಹೊತ್ತಿಗೆ ತಡವರಿಸುತ್ತದೆ ಎಂದು ಬರೆದದ್ದರಿಂದ ಕೇಳುತ್ತಿದ್ದೇನೆ.

ಶಕ್ತಿನಗರದಿಂದ

ಬೆಳಗಿನ ತೊಂದರೆಯ ಬಗ್ಗೆ ನಾನು ಹೇಳುತ್ತೇನೆ. ತಂಗಿ, ನಾಳೆ ಕಂಪ್ಯೂಟರ್ ಹಾಕಿದ ಕೂಡಲೇ ಬೇರೇನೂ ಮಾಡದೆ ಪರದೆಯ ಮೂಲೆಯಲ್ಲಿರುವ ದಿನಾಂಕ ಮತ್ತು ವರ್ಷವನ್ನು ನೋಡು.

ರಾತ್ರಿ ಮೇನ್ ಸ್ವಿಚ್ ತೆಗೆಯುತ್ತೇವೆ ಎಂಬ ಸಾಲಿನಲ್ಲೇ ಕಾರಣ ಇದೆಯೆಂದು ನನಗೆ ಅನಿಸುತ್ತದೆ. ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ ದುಂಡನೆಯ 3 ವೋಲ್ಟ್ ಸೆಲ್ ಇರುತ್ತದೆ. ಕಂಪ್ಯೂಟರಿಗೆ ಕರೆಂಟು ಇಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದು ಅದೇ. ಗೋಡೆಯ ಸ್ವಿಚ್ ಹಾಕಿಯೇ ಇಡುವ ಮನೆಗಳಲ್ಲಿ ಕಂಪ್ಯೂಟರ್ ಆರಿದ್ದರೂ ಪವರ್ ಸಪ್ಲೈಯಿಂದ ಸಣ್ಣ ಪ್ರಮಾಣದ ವಿದ್ಯುತ್ ಬರುತ್ತಿರುತ್ತದೆ, ಆದ್ದರಿಂದ ಸೆಲ್ ಸತ್ತದ್ದು ಗೊತ್ತೇ ಆಗುವುದಿಲ್ಲ. ಮೇನ್ ತೆಗೆಯುವ ನಿಮ್ಮಂಥ ಅಂಗಡಿಗಳಲ್ಲಿ ಸತ್ತ ಸೆಲ್ಲಿನ ಕಂಪ್ಯೂಟರು ಬೆಳಿಗ್ಗೆ ಎದ್ದಾಗ ಅದು ತಯಾರಾದ ಕಾಲದ ಯಾವುದೋ ವರ್ಷಕ್ಕೆ ಹೋಗಿ ನಿಂತಿರುತ್ತದೆ.

ಇದಕ್ಕೂ ಇಂಟರ್ನೆಟ್‌ಗೂ ಏನು ಸಂಬಂಧ ಎಂದರೆ, ಸುರಕ್ಷಿತ ಜಾಲತಾಣಗಳು ತಮ್ಮ ಗುರುತಿಗಾಗಿ ಕೊಡುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಗಡಿಯಾರ 2012 ಎಂದು ಹೇಳುತ್ತಿದ್ದರೆ ಈ ವರ್ಷ ಕೊಟ್ಟ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ, ಆದ್ದರಿಂದ ಬ್ರೌಸರ್ ಅದನ್ನು ನಂಬುವುದಿಲ್ಲ. ವೈಫೈ ಪಾಸ್‌ವರ್ಡ್ ಪರಿಶೀಲಿಸಲು ಗಡಿಯಾರ ಬೇಕಾಗಿಲ್ಲ. ಇಂಟರ್ನೆಟ್ ಇದೆಯೇ ಎಂದು ನೋಡಲು ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ಸಾದಾ ಪುಟವನ್ನು ಪ್ರಮಾಣಪತ್ರದ ಗೊಡವೆಯಿಲ್ಲದೆ ತರಿಸಿ ನೋಡುತ್ತದೆ, ಅದಕ್ಕೂ ಗಡಿಯಾರದ ಹಂಗಿಲ್ಲ. ಹಾಗಾಗಿ ಮೂಲೆಯ ಗುರುತು ಎಲ್ಲ ಸರಿಯಿದೆ ಎಂದು ತೋರಿಸುತ್ತಲೇ ಇರುತ್ತದೆ, ಬ್ಯಾಂಕಿನ ಪುಟ ಮಾತ್ರ ತೆರೆಯುವುದಿಲ್ಲ. ಇಂಟರ್ನೆಟ್ ಸೇರಿದ ಮೇಲೆ ವಿಂಡೋಸ್ ಸಮಯವನ್ನು ತಾನೇ ಸರಿಪಡಿಸಬೇಕಲ್ಲವೇ ಎಂದು ಕೇಳಬಹುದು. ಮನೆ, ಅಂಗಡಿಗಳ ಕಂಪ್ಯೂಟರಿನಲ್ಲಿ ಅಂತರ 15 ಗಂಟೆಗಿಂತ ಹೆಚ್ಚಾಗಿದ್ದರೆ ಅದು ತಾನಾಗಿ ತಿದ್ದಲು ಒಪ್ಪುವುದಿಲ್ಲ, ಅದರ ಮೂಲ ವ್ಯವಸ್ಥೆಯೇ ಹಾಗಿದೆ.

ಹತ್ತು ಗಂಟೆಗೆ ತಾನಾಗಿ ಸರಿಹೋಗುತ್ತದೆ ಎಂದಿದ್ದೀಯಲ್ಲ, ಬಿಲ್ ಹಾಕುವವರು ಯಾರಾದರೂ ಆಗ ದಿನಾಂಕ ತಿದ್ದುತ್ತಾರೆಯೇ ಎಂದು ವಿಚಾರಿಸು. ಸೆಲ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಸ್ವಿಚ್ ಆರಿಸಿ, ಸಿಪಿಯು ಹಿಂದಿನ ವೈರ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಉಳಿದ ವಿದ್ಯುತ್ ಇಳಿಯುತ್ತದೆ. ಪಕ್ಕದ ಬಾಗಿಲು ತೆಗೆದು ಕ್ಯಾಬಿನೆಟ್‌ನ ತಗಡನ್ನು ಒಮ್ಮೆ ಮುಟ್ಟಿ, ಸೆಲ್ಲಿನ ಬದಿಯ ಸಣ್ಣ ಕೊಂಡಿಯನ್ನು ಹೊರಕ್ಕೆ ತಳ್ಳಿದರೆ ಹಳೆಯ ಸೆಲ್ ಚಿಮ್ಮಿ ಬರುತ್ತದೆ. ಕೂಡಿಸುವ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಬೇಕು. ಆದರೆ ಒಂದು ಎಚ್ಚರಿಕೆ ಅಗತ್ಯ. ಸೆಲ್ ತೆಗೆದರೆ ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯೋಸ್ ಎಂಬುದರ ವ್ಯವಸ್ಥೆಗಳು ಮೂಲ ಸ್ಥಿತಿಗೆ ಮರಳಬಹುದು. ದಿನಾಂಕದ ಜೊತೆಗೆ ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ಬಗೆಯಾದ ಸಾಟಾ ವಿಧಾನ ಎಎಚ್‌ಸಿಐ ಇದೆಯೋ ಐಡಿಇ ಇದೆಯೋ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಹಾಗೆಯೇ ಮರಳಿ ಹೊಂದಿಸಬೇಕು, ಇಲ್ಲದಿದ್ದರೆ ವಿಂಡೋಸ್ ಏಳದೆ ಹೋಗಿ ಎಲ್ಲರೂ ಗಾಬರಿಯಾಗುತ್ತೀರಿ.

ಕೊಪ್ಪಳ_ಇಂಜಿನಿಯರಿಂಗ್

ಹೆಸರೇ ಕಾಣದಿರುವುದಕ್ಕೆ ಒಂದು ಸಾಧ್ಯತೆ ಇದೆ ಅಕ್ಕಾ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈಫೈಗೆ 1ರಿಂದ 13ರವರೆಗಿನ, ಅಂದರೆ ಆ ಪಟ್ಟಿಯ ಒಳಗಿನ ಸಣ್ಣ ಭಾಗಗಳಾದ, ಚಾನೆಲ್‌ಗಳನ್ನು ಬಳಸಬಹುದು, ಅಮೆರಿಕದ ಮಾರುಕಟ್ಟೆಗೆಂದು ಹೊಂದಿಸಿದ ಅಗ್ಗದ ಡಾಂಗಲ್‌ಗಳು 11ಕ್ಕೇ ನಿಲ್ಲುತ್ತವೆ. ರೂಟರಿನಲ್ಲಿ ಚಾನೆಲ್ ಆಯ್ಕೆ ತನ್ನಷ್ಟಕ್ಕೆ ಎಂದಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಅದು ಹೊಸದಾಗಿ ಚಾನೆಲ್ ಆರಿಸಿಕೊಳ್ಳುತ್ತದೆ. 12 ಅಥವಾ 13 ಬಂದ ದಿನ ಮೊಬೈಲಿಗೆ ಕಾಣುವ ಹೆಸರು ಡಾಂಗಲ್‌ಗೆ ಕಾಣುವುದಿಲ್ಲ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆದು ಅದರ ಪುಟಕ್ಕೆ ಹೋಗಿ ಚಾನೆಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಕಟ್ಟಿಹಾಕಿ. 11ರವರೆಗಿನ ಚಾನೆಲ್‌ಗಳಲ್ಲಿ, 20 ಮೆಗಾಹರ್ಟ್ಸ್ ಅಗಲದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅವು ಮೂರೇ. ಅಗಲವನ್ನು 40ರಿಂದ 20ಕ್ಕೆ ಇಳಿಸುವುದೂ ಒಳ್ಳೆಯದು. ಭದ್ರತೆಯ ಆಯ್ಕೆಯಲ್ಲಿ ಡಬ್ಲ್ಯೂಪಿಎ3 ಎಂಬ ಹೊಸ ಬಗೆ ಮಾತ್ರ ಎಂದಿದ್ದರೆ ಹಳೆಯ ಡಾಂಗಲ್ ಸೇರುವುದಿಲ್ಲ, ಅದಕ್ಕಿಂತ ಹಳೆಯ ಡಬ್ಲ್ಯೂಪಿಎ2 ಇರಲಿ.

ಆದರೆ ನನ್ನ ಸಲಹೆ ಏನೆಂದರೆ ಇಷ್ಟೆಲ್ಲ ಒದ್ದಾಡುವ ಬದಲು ಹೊಸ ವೈಫೈ 6 ಡಾಂಗಲ್ ಕೊಂಡುಬಿಡುವುದು ಉತ್ತಮ. 5 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದವರ ಗದ್ದಲ ಕಡಿಮೆ, ವೇಗವೂ ಹೆಚ್ಚು; ಅಂಥ ಡಾಂಗಲ್ ಆ ಪಟ್ಟಿಯನ್ನೂ ಹಿಡಿಯುತ್ತದೆ.

ಸಿಂಧನೂರು_ಲೆಕ್ಕಪತ್ರ

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಕೃತಜ್ಞತೆಗಳು. ನೋಡಿದ್ದನ್ನು ಹಾಗೆಯೇ ತಿಳಿಸುತ್ತೇನೆ.

ಶಕ್ತಿನಗರದ ಅಣ್ಣಾವರು ಹೇಳಿದ್ದು ನಿಜವಾಯಿತು. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಮೂಲೆಯಲ್ಲಿ 2012ನೆಯ ಇಸವಿ ಇತ್ತು. ಬಿಲ್ಲಿನ ಮೇಲೆ ತಪ್ಪು ದಿನಾಂಕ ಬರಬಾರದೆಂದು ನಮ್ಮ ಅಂಗಡಿಯ ಹುಡುಗ ದಿನವೂ ಮೊದಲ ಬಿಲ್ಲಿಗೆ ಮುಂಚೆ ಅದನ್ನು ಕೈಯಿಂದ ತಿದ್ದುತ್ತಾನಂತೆ. ನಾನು ನೋಡುತ್ತಿದ್ದಂತೆ ಅವನು ತಿದ್ದಿದ, ತಿದ್ದಿದ ಕೂಡಲೇ ಜಿಎಸ್‌ಟಿ ಪುಟ ತೆರೆಯಿತು. ಹೊಸ ಸೆಲ್ ತರಿಸಿ ಹಾಕಿಸಿದ್ದೇವೆ, ಸಾಟಾ ಆಯ್ಕೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದು ನಿಜಕ್ಕೂ ಉಪಯೋಗಕ್ಕೆ ಬಂತು.

ರಾಯಚೂರಿನ ಅಣ್ಣಾವರು ಹೇಳಿದಂತೆ ಎರಡು ಪಿಂಗ್ ಕಿಟಕಿಗಳನ್ನು ಸಂಜೆ ತೆರೆದಿಟ್ಟೆ. ಆರು ಗಂಟೆಯವರೆಗೆ ರೂಟರಿನ ಉತ್ತರ ಮೂರರಿಂದ ಎಂಟು ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಆಮೇಲೆ ಒಮ್ಮೆಲೇ ನೂರು, ನಾನ್ನೂರು ಆಗಿ, ರಿಕ್ವೆಸ್ಟ್ ಟೈಮ್ಡ್ ಔಟ್ (ಉತ್ತರ ಬರಲಿಲ್ಲ) ಎಂಬ ಸಾಲುಗಳು ಎರಡೂ ಕಿಟಕಿಗಳಲ್ಲಿ ಒಟ್ಟಿಗೇ ಬರತೊಡಗಿದವು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಮಗಳು ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುತ್ತಿದ್ದಳು, ಅವಳಿಗೆ ಯಾವ ಅಡಚಣೆಯೂ ಆಗಲಿಲ್ಲ.

ಬ್ಯಾಕಪ್ ಬಗ್ಗೆ ಕೇಳಿದ್ದಿರಿ. ಹೌದು, ಟ್ಯಾಲಿಯ ಜೊತೆಗೆ ಸ್ಕ್ಯಾನ್ ಮಾಡಿದ ಬಿಲ್ಲುಗಳನ್ನೆಲ್ಲ ಸೇರಿಸಿ ಹೊರಗಿನ ಹಾರ್ಡ್ ಡಿಸ್ಕಿಗೆ ದಿನವೂ ಸಂಜೆ ನಕಲು ಮಾಡುತ್ತೇವೆ. ಡಿಸ್ಕನ್ನು ಸಿಪಿಯು ಹಿಂದಿನ ನೀಲಿ ಕಿಂಡಿಗೆ ಚುಚ್ಚುತ್ತೇವೆ. ಡಾಂಗಲ್ ಇರುವುದು ಅದಕ್ಕೆ ಅಂಟಿಕೊಂಡ ಕಿಂಡಿಯಲ್ಲಿ, ಮೌಸಿನ ರಿಸೀವರ್ ಅದರ ಕೆಳಗೆ.

ರಾಯಚೂರು_ರಿಪೇರಿ

ಹಾಗಾದರೆ ಸಂಜೆಯ ತೊಂದರೆಯ ಮೂಲ ಆ ನೀಲಿ ಕಿಂಡಿಯೇ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಒಂದು ಕಾರಣಕ್ಕೆ ಎಷ್ಟೋ ಒಳ್ಳೆಯ ಡಾಂಗಲ್‌ಗಳು ಕಸದ ಬುಟ್ಟಿ ಸೇರುತ್ತಿವೆ.

ನೀಲಿ ಕಿಂಡಿ ಎಂದರೆ ಯುಎಸ್‌ಬಿ 3.0. ಅದರಲ್ಲಿ ಮಾಹಿತಿ ಸೆಕೆಂಡಿಗೆ 5 ಗಿಗಾಬಿಟ್ ದರದಲ್ಲಿ ಓಡುತ್ತದೆ. ಅಷ್ಟು ವೇಗದ ಸಂಕೇತ ತಂತಿಯಲ್ಲಿ, ಅದರಲ್ಲೂ ಕಿಂಡಿ ಮತ್ತು ಪ್ಲಗ್ ಸೇರುವ ಜಾಗದಲ್ಲಿ, ರೇಡಿಯೋ ಗದ್ದಲವಾಗಿ ಹೊರಗೆ ಸೋರುತ್ತದೆ. ಆ ಗದ್ದಲ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ. ಇದು ನನ್ನ ಊಹೆಯಲ್ಲ. ಇಂಟೆಲ್ ಸಂಸ್ಥೆ ತಾನೇ ಅಳತೆ ಮಾಡಿ 2012ರಲ್ಲಿ ಪ್ರಕಟಿಸಿದ ವಿಷಯ. ಡಿಸ್ಕ್ ಸುಮ್ಮನಿದ್ದಾಗ ನಿಮಗೆ ತೊಂದರೆ ಕಾಣದೆ, ನಕಲು ಶುರುವಾದೊಡನೆ ಕಾಣುವುದು ಇದಕ್ಕೆ ಹೊಂದುತ್ತದೆ. ವೈರ್‌ಲೆಸ್ ಮೌಸ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ನಡೆಯುವುದರಿಂದ ಅದೂ ಒಟ್ಟಿಗೇ ತಡವರಿಸುತ್ತದೆ. ಸೆಲ್ ಬದಲಾಯಿಸಿದರೆ ಅದು ಸರಿಹೋಗುವುದು ಸಾಧ್ಯವಿರಲಿಲ್ಲ.

ಇದಕ್ಕೆ ನಿಮ್ಮ ಕಟ್ಟಡ ಮತ್ತು ಡಾಂಗಲ್ ಇರುವ ಜಾಗವೂ ಸೇರಿಕೊಂಡಿವೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ರೂಟರಿನ ಅಲೆ ಬಹಳವಾಗಿ ಕ್ಷೀಣಿಸಿರುತ್ತದೆ. ಉಳಿದ ಸ್ವಲ್ಪವನ್ನು ಹಿಡಿಯಬೇಕಾದ ಡಾಂಗಲ್ ತಗಡಿನ ಕ್ಯಾಬಿನೆಟ್ಟಿನ ಬೆನ್ನಿಗೆ, ಮೇಜಿನ ಕೆಳಗೆ, ನೆಲದ ಹತ್ತಿರ ಕುಳಿತಿದೆ. ಅದರ ಒಳಗಿನ ಆಂಟೆನಾ ಎಷ್ಟು ಚಿಕ್ಕದಿರಬಹುದು ಎಂದು ನೀವೇ ಯೋಚಿಸಿ. ಅಂಗಡಿಯಲ್ಲೇ ಕುಳಿತ ಮೊಬೈಲಿಗೆ ಚೆನ್ನಾಗಿ ಸಿಗುವುದು ಕೈಯೆತ್ತರದಲ್ಲಿ, ತೆರೆದ ಜಾಗದಲ್ಲಿ ಇರುವುದರಿಂದ. ಬರುವ ಸಂಕೇತ ಬಲವಾಗಿದ್ದರೆ ಡಿಸ್ಕಿನ ಗದ್ದಲವನ್ನು ಅದು ಮೀರಿಬಿಡುತ್ತಿತ್ತು. ನಿಮ್ಮಲ್ಲಿ ಸಂಕೇತ ಕ್ಷೀಣ, ಗದ್ದಲ ಪಕ್ಕದಲ್ಲೇ.

ಇಂದೇ ಖರ್ಚಿಲ್ಲದೆ ಒಂದು ಪರೀಕ್ಷೆ ಮಾಡಿ. ಹಾರ್ಡ್ ಡಿಸ್ಕನ್ನು ನೀಲಿ ಕಿಂಡಿಯಿಂದ ತೆಗೆದು ಕಪ್ಪು ಕಿಂಡಿಗೆ, ಅಂದರೆ ಯುಎಸ್‌ಬಿ 2.0ಕ್ಕೆ, ಚುಚ್ಚಿ ನಕಲು ಮಾಡಿ. ಅಲ್ಲಿ ವೇಗ ಸೆಕೆಂಡಿಗೆ 480 ಮೆಗಾಬಿಟ್ ಆದ್ದರಿಂದ ನಕಲು ನಿಧಾನವಾಗುತ್ತದೆ, ಆದರೆ ಆ ಗದ್ದಲ ಇರುವುದಿಲ್ಲ. ಪಿಂಗ್ ಕಿಟಕಿಗಳು ತೆರೆದೇ ಇರಲಿ. ಪಿಂಗ್ ಆಗ ಏರಿಳಿಯದೆ ನಡೆದರೆ ಇನ್ನು ಸಂಶಯ ಬೇಡ. ಆಮೇಲೆ ಒಂದೂವರೆ ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಮೇಜಿನ ಮೇಲೆ, ಮನೆಗೆ ಹೋಗುವ ಬಾಗಿಲು ನೇರವಾಗಿ ಕಾಣುವ ಕಡೆ ಇಡಿ. ಅಲೆಗೆ ಕಲ್ಲಿಗಿಂತ ಬಾಗಿಲಿನ ದಾರಿ ಸುಲಭ. ವೈರ್ ಅಗ್ಗವೆಂದು ಐದು ಮೀಟರಿನದು ತರಬೇಡಿ, ಉದ್ದ ಹೆಚ್ಚಿದಂತೆ ಡಾಂಗಲ್‌ಗೆ ತಲುಪುವ ವೋಲ್ಟೇಜ್ ಇಳಿದು ಹೊಸ ತೊಂದರೆ ಹುಟ್ಟಿಕೊಳ್ಳುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಡಾಂಗಲ್‌ನ ಹೆಸರಿನ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಗುರುತನ್ನೂ ತೆಗೆದುಬಿಡಿ.

ಕೊಪ್ಪಳದ ತಮ್ಮನ ಚಾನೆಲ್ ಸಲಹೆಯನ್ನು ಖಂಡಿತ ಪಾಲಿಸಿ. ಹೊಸ ಡಾಂಗಲ್ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. 5 ಗಿಗಾಹರ್ಟ್ಸ್‌ಗೆ ಯುಎಸ್‌ಬಿಯ ಈ ಗದ್ದಲ ತಟ್ಟುವುದು ಕಡಿಮೆ ಎಂಬುದು ನಿಜ. ಆದರೆ ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಶಕ್ತಿ ಕುಗ್ಗುತ್ತದೆ. ಹೊಸ ಬಡಾವಣೆಯ ಇಟ್ಟಿಗೆ ಮನೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಮ್ಮ ಭಾಗದ ಹಳೆಯ ಕಲ್ಲಿನ ಮನೆಗಳಲ್ಲಿ ಪಡಸಾಲೆಯ 5 ಗಿಗಾಹರ್ಟ್ಸ್ ಅಲೆ ಮುಂದಿನ ಕೋಣೆಗೂ ನೆಟ್ಟಗೆ ಬರುವುದಿಲ್ಲ. ಅಷ್ಟು ದುಡ್ಡು ಕೊಟ್ಟ ಮೇಲೂ ಅದು ಹಳೆಯ 2.4ಕ್ಕೇ ಬಂದು ಸೇರಿಕೊಳ್ಳುತ್ತದೆ. ಕೊಳ್ಳುವ ಮುನ್ನ ನಿಮ್ಮ ಮೊಬೈಲನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ, ಕಂಪ್ಯೂಟರ್ ಇರುವ ಜಾಗದಲ್ಲೇ ಹಿಡಿದು ನೋಡಿ. ಅಲ್ಲಿ ಮೊಬೈಲಿಗೇ ಸಿಗದಿದ್ದರೆ ಡಾಂಗಲ್‌ಗೂ ಸಿಗಲಾರದು.

ಬಳ್ಳಾರಿ_ಕೇಬಲ್

ಇಷ್ಟು ಓದಿದ ಮೇಲೆ ನನ್ನ ಮನಸ್ಸಿಗೆ ಬರುವುದು ಒಂದೇ. ಕಂಪ್ಯೂಟರ್ ಇದ್ದ ಜಾಗ ಬಿಟ್ಟು ಕದಲುವುದಿಲ್ಲ, ರೂಟರೂ ಕದಲುವುದಿಲ್ಲ, ನಡುವೆ ಒಂದೇ ಗೋಡೆ. ಇಂಥ ಕಡೆ ವೈಫೈ ಏಕೆ ಬೇಕು? ಬಿ75 ಬೋರ್ಡಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಗಿಗಾಬಿಟ್ ಲ್ಯಾನ್ ಕಿಂಡಿ, ಅಂದರೆ ನೆಟ್‌ವರ್ಕ್ ವೈರ್ ಚುಚ್ಚುವ ಕಿಂಡಿ, ಇರುತ್ತದೆ. ರೂಟರಿನಿಂದ ಅಲ್ಲಿಗೆ ಕ್ಯಾಟ್ 6 ಎಂಬ ಬಗೆಯ ಒಂದು ನೆಟ್‌ವರ್ಕ್ ವೈರ್ ಎಳೆದರೆ ಡಾಂಗಲ್, ಚಾನೆಲ್, ಗದ್ದಲ ಎಲ್ಲವೂ ಮುಗಿದುಹೋಗುತ್ತವೆ. ಈ ವೈರ್ 100 ಮೀಟರ್‌ವರೆಗೆ ಸರಿಯಾಗಿ ನಡೆಯುತ್ತದೆ, ನಿಮಗೆ ಅದರ ಕಾಲುಭಾಗವೂ ಬೇಕಾಗದು. ಗೋಡೆ ಕೊರೆಯಬೇಕಿಲ್ಲ, ಬಾಗಿಲಿನ ಚೌಕಟ್ಟಿನ ಮೇಲಿನಿಂದ ಪಟ್ಟಿ ಹೊಡೆದು ತರಬಹುದು.

ವೈರ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಬಾಗಿಸಿದ ಕಡೆ ಬೇಗ ಮುರಿಯುತ್ತದೆ. ತುದಿ ಕಟ್ಟುವವರು ಎರಡೂ ಕಡೆ ಒಂದೇ ಕ್ರಮ ಪಾಲಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುವುದನ್ನು ಗಮನಿಸಿ. ಬಣ್ಣಗಳನ್ನು ಜೋಡಿಜೋಡಿಯಾಗಿ ನೇರಕ್ಕೆ ಸೇರಿಸಿಬಿಟ್ಟರೆ ಹೊಸೆದ ಜೋಡಿಗಳು ಒಡೆದು, ಹತ್ತಿರದಲ್ಲಿ ನಡೆದಂತೆ ಕಂಡರೂ ವೇಗ ಬಿದ್ದುಹೋಗುತ್ತದೆ. ನಿಮಗೆ ತುದಿ ಕಟ್ಟುವವರು ಸಿಗದಿದ್ದರೆ ಕಾರ್ಖಾನೆಯಲ್ಲೇ ತುದಿ ಹಾಕಿದ ವೈರನ್ನು ಬೇಕಾದ ಉದ್ದಕ್ಕೆ ಕೊಳ್ಳಿ.

ಸಿಂಧನೂರು_ಲೆಕ್ಕಪತ್ರ

ಡಿಸ್ಕನ್ನು ಕಪ್ಪು ಕಿಂಡಿಗೆ ಹಾಕಿ ನಕಲು ಮಾಡಿದೆ. ಪಿಂಗ್ ಹತ್ತು ಮಿಲಿಸೆಕೆಂಡು ದಾಟಲಿಲ್ಲ, ಮೌಸೂ ಸರಾಗವಾಗಿ ಓಡಿತು. ಖಚಿತಪಡಿಸಿಕೊಳ್ಳಲು ಮತ್ತೆ ನೀಲಿ ಕಿಂಡಿಗೆ ಹಾಕಿದೆ; ಅರ್ಧ ನಿಮಿಷದೊಳಗೆ ಅದೇ ಹಳೆಯ ಸ್ಥಿತಿ. ಈಗ ಡಾಂಗಲ್ ಎಕ್ಸ್‌ಟೆನ್ಷನ್ ವೈರಿನ ತುದಿಯಲ್ಲಿ ಮೇಜಿನ ಮೇಲೆ ಬಂದಿದೆ. ಡಿಸ್ಕ್ ನೀಲಿ ಕಿಂಡಿಯಲ್ಲಿದ್ದರೂ ವೈಫೈ ಕಡಿಯುತ್ತಿಲ್ಲ, ಗೆರೆಗಳೂ ಮೂರಕ್ಕೆ ಏರಿವೆ. ರೂಟರಿನಲ್ಲಿ ಚಾನೆಲ್ 6 ಮಾಡಿದ್ದೇವೆ. ಅದಾದ ಮೇಲೆ ಹೆಸರು ಮಾಯವಾಗಿಲ್ಲ. ಮೊಬೈಲನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ ಗಲ್ಲೆಯ ಹತ್ತಿರ ಹಿಡಿದು ನೋಡಿದೆ, ಅಲ್ಲಿ ಅದು ನಿಲ್ಲಲೇ ಇಲ್ಲ. ಆದ್ದರಿಂದ ಹೊಸ ಡಾಂಗಲ್ ವಿಚಾರ ಬಿಟ್ಟಿದ್ದೇವೆ.

ಬಳ್ಳಾರಿಯ ಅಣ್ಣಾವರ ಮಾತು ಮನೆಯವರಿಗೂ ಒಪ್ಪಿಗೆಯಾಗಿದೆ, ವೈರ್ ಎಳೆಸುತ್ತೇವೆ. ಒಂದು ಸಂಶಯ ಮಾತ್ರ ಉಳಿದಿದೆ: ಮನೆಯಿಂದ ಅಂಗಡಿಗೆ ಕರೆಂಟಿನ ವೈರ್ ಹೋಗುವ ಪ್ಲಾಸ್ಟಿಕ್ ಪೈಪು ಆಗಲೇ ಇದೆ. ಲ್ಯಾನ್ ವೈರನ್ನೂ ಅದರಲ್ಲೇ ಸೇರಿಸಬಹುದೇ?

ಬಳ್ಳಾರಿ_ಕೇಬಲ್

ಬೇಡ ತಾಯಿ, ಆ ಪೈಪಿನೊಳಗೆ ಹಾಕಿಸಬೇಡಿ. 230 ವೋಲ್ಟಿನ ವೈರಿನ ಹೊದಿಕೆ ಎಲ್ಲಾದರೂ ಸವೆದು ಲ್ಯಾನ್ ವೈರಿಗೆ ತಾಗಿದರೆ ರೂಟರು, ಕಂಪ್ಯೂಟರು ಎರಡೂ ಸುಡುತ್ತವೆ, ಮುಟ್ಟಿದವರಿಗೂ ಅಪಾಯ. ಬೇರೆ ಪಟ್ಟಿ ಹೊಡೆಸಿ, ಕರೆಂಟಿನ ಪೈಪಿನಿಂದ ಒಂದಡಿಯಷ್ಟು ದೂರ ಇರಲಿ. ಎರಡೂ ಒಂದನ್ನೊಂದು ದಾಟಲೇಬೇಕಾದ ಕಡೆ ಅಡ್ಡಲಾಗಿ ಲಂಬಕೋನದಲ್ಲಿ ದಾಟಿಸಿ. ವೈರ್ ಕಟ್ಟಡದ ಒಳಗೇ ಹೋಗಲಿ, ಮಾಳಿಗೆಯ ಮೇಲಿನಿಂದ ಬಯಲಲ್ಲಿ ತರಬೇಡಿ. ಮುಂಗಾರಿನ ಮೊದಲ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಮೊದಲು ಹೋಗುವುದು ಹೊರಗೆ ಹಾಸಿದ ತಾಮ್ರದ ವೈರಿಗೆ ಕಟ್ಟಿದ ಸಾಧನಗಳೇ. ಹಾಕಿಸಿದ ಮೇಲೆ ನೆಟ್‌ವರ್ಕ್ ವ್ಯವಸ್ಥೆಯಲ್ಲಿ ಈಥರ್‌ನೆಟ್ ಸಂಪರ್ಕದ ವೇಗ 1 ಗಿಗಾಬಿಟ್ ಎಂದು ತೋರಿಸುತ್ತದೆಯೇ ನೋಡಿ. ರೂಟರಿನ ಕಿಂಡಿಯೂ ಗಿಗಾಬಿಟ್ ಇದ್ದು 100 ಮೆಗಾಬಿಟ್ ಮಾತ್ರ ತೋರಿಸಿದರೆ ಎಂಟರಲ್ಲಿ ಯಾವುದೋ ಎಳೆ ತುದಿಯಲ್ಲಿ ಸರಿಯಾಗಿ ಕೂತಿಲ್ಲ ಎಂದರ್ಥ. ಕಟ್ಟಿದವರಿಂದಲೇ ಮತ್ತೆ ಕಟ್ಟಿಸಿ. ಡಾಂಗಲನ್ನು ಎಸೆಯಬೇಡಿ, ಮೇಜಿನ ಖಾನೆಯಲ್ಲಿ ಇಟ್ಟಿರಿ. ಫೈಬರ್ ಲೈನ್ ಕೈಕೊಟ್ಟ ದಿನ ಮೊಬೈಲಿನ ಹಾಟ್‌ಸ್ಪಾಟ್‌ಗೆ ಸೇರಿ ರಿಟರ್ನ್ ಸಲ್ಲಿಸಲು ಅದೇ ಬೇಕಾಗುತ್ತದೆ.